ಹೂಂ ಅನ್ನುವವಳು ಮುಂದಿನ ಸಾಲಿನಲ್ಲಿ

ನಮ್ಮವ್ವ ಲಿಂಗಸುಗೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅವಳ ಬೆನ್ನಿಗೆ ಹುಟ್ಟಿದ ತಂಗಿ, ಅಂದರೆ ನನ್ನ ಚಿಗವ್ವ, ಸಿಂಧನೂರಿನ ಕಡೆ ವಳಕಮದಿನ್ನಿಯಲ್ಲಿ. ನಾನು ಕಚೇರಿ ನೌಕರಿ ಮಾಡಿಕೊಂಡು ಮಸ್ಕಿಯಲ್ಲಿ, ಇಬ್ಬರ ನಟ್ಟನಡುವೆ. ಅಕ್ಕ ತಂಗಿ ಮಾತು ಬಿಟ್ಟ ಮೇಲೆ ನಡುವಿನ ಊರಿನಲ್ಲಿರುವವಳ ಪಾಡು ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಕೂಡಿಸಿ, ಚಹಾ ಕುಡಿಸಿ ಹೇಳುತ್ತಿದ್ದೆ. ಇದುವರೆಗೆ ಯಾರೂ ಕೇಳಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಜಗಳದ ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ. ಹೊಲ ಅಲ್ಲ, ಬಂಗಾರ ಅಲ್ಲ, ಒಬ್ಬರ ಸೊಸೆಯನ್ನು ಇನ್ನೊಬ್ಬರು ಆಡಿಕೊಂಡದ್ದೂ ಅಲ್ಲ. ಒಂದು ‘ಹೂಂ’.

ನಮ್ಮ ಕಡೆ ಕತೆ ಹೇಳುವುದಕ್ಕೆ ಒಂದು ಕಟ್ಟಳೆ ಇದೆ. ಹೇಳುವವರು ಒಬ್ಬರು, ಹೂಂ ಅನ್ನುವವರು ಒಬ್ಬರು. ಮಿಕ್ಕವರು ಎಷ್ಟು ಜನ ಇದ್ದರೂ ಸುಮ್ಮನೆ ಕೇಳಬೇಕು. ಪ್ರತಿ ಮಾತಿಗೂ ಹೂಂ ಬಿದ್ದರೆ ಕತೆ ಮುಂದೆ ಹೋಗುತ್ತದೆ, ಬೀಳದಿದ್ದರೆ ಅಲ್ಲೇ ನಿಲ್ಲುತ್ತದೆ. ಹೂಂ ಅನ್ನುವವರು ಕತೆ ಮುಗಿಯುವ ತನಕ ನಗುವಂತಿಲ್ಲ, ನಕ್ಕರೆ ಹೂಂ ತಪ್ಪುತ್ತದೆ. ನಮ್ಮವ್ವ ಕತೆ ಹೇಳಲೆಂದೇ ಹುಟ್ಟಿದವಳು. ಸಂತೆಗೆ ಹೋಗಿ ಬದನೆಕಾಯಿ ತಂದದ್ದನ್ನು ಹೇಳಿದರೂ ನಾವು ಒಲೆಯ ಮೇಲಿನ ಹಾಲು ಮರೆಯುತ್ತಿದ್ದೆವು. ಚಿಗವ್ವ ಹೂಂ ಅನ್ನಲೆಂದೇ ಹುಟ್ಟಿದವಳು. ಒಂದೇ ಕೌದಿಯೊಳಗೆ ಮಲಗಿ ಬೆಳೆಯುವಾಗಿನಿಂದ ಅಕ್ಕ ಹೇಳುವುದು, ತಂಗಿ ಹೂಂಗುಟ್ಟುವುದು. ಮದುವೆಯಾಗಿ ಬೇರೆ ಬೇರೆ ಊರು ಸೇರಿದರೂ ಅದು ತಪ್ಪಲಿಲ್ಲ, ಮನೆಗೆ ಫೋನ್ ಬಂದ ಮೇಲಂತೂ ದಿನಾ ಮಧ್ಯಾಹ್ನ ಊಟವಾದೊಡನೆ ಶುರು.

ಎರಡು ವರ್ಷದ ಕೆಳಗೆ ಅವ್ವ ಮುಕ್ಕುಂದಕ್ಕೆ ಒಂದು ಮದುವೆಗೆ ಹೋಗಿ ಬಂದಳು. ಗದ್ದೆಯಲ್ಲಿ ನಾಟಿ ನಡೆದಿದ್ದರಿಂದ ಚಿಗವ್ವನಿಗೆ ಹೋಗಲಾಗಿರಲಿಲ್ಲ. ಮರುದಿನ ಮಧ್ಯಾಹ್ನ ಅವ್ವ ಫೋನಿನಲ್ಲಿ ಕತೆ ತೆಗೆದಳು. ಆವತ್ತು ನಾನೂ ಪಕ್ಕದಲ್ಲೇ ಕೂತಿದ್ದೆ. ಮದುಮಗನ ಕಾರು ಕಾಲುವೆಯ ದಂಡೆ ಹಿಡಿದು ಬರುತ್ತಿತ್ತು. ಹೂಂ. ಎದುರಿಗೆ ಟ್ರ್ಯಾಕ್ಟರ್ ಬಂತು. ಹೂಂ. ದಾರಿ ಬಿಡಲು ಹೋಗಿ ಕಾರು ಗದ್ದೆಯ ಕೆಸರಿಗೆ ಇಳಿಯಿತು. ಹೂಂ. ಮದುಮಗ ಹೊಚ್ಚ ಹೊಸ ಬಿಳಿ ಬೂಟು ಹಾಕಿದ್ದ. ಬಾಗಿಲು ತೆಗೆದ.

“ಒಂದ್ ಕಾಲು ಕೆಳಗಿಟ್ಟ,” ಅಂದಳು ಅವ್ವ.

ಹೂಂ ಬರಲಿಲ್ಲ.

“ಒಂದ್ ಕಾಲು ಕೆಳಗಿಟ್ಟ ಅಂದೆ!”

ಫೋನಿನಿಂದ ಗೊರಕೆ ಬಂತು.

ಅವ್ವ ಕೆಂಡವಾದಳು. “ಮದುಮಗ ಕೆಸರಾಗ ಕಾಲಿಟ್ಟಾನ, ಈಕಿ ಗೊರಕಿ ಹೊಡ್ಯಾಕತ್ಯಾಳ! ನಾ ಏನ್ ಜೋಗುಳ ಹಾಡಾಕತ್ತಿದ್ನೇನು?”

ಸಂಜೆ ಎಚ್ಚರಾದ ಚಿಗವ್ವ ತಾನಾಗಿ ಫೋನ್ ಮಾಡಿದಳು. ಬೆಳಗಿನಿಂದ ಕೂಲಿಯವರ ಜೊತೆ ಕೆಸರಿನಲ್ಲಿ ನಿಂತು ಸೊಂಟ ಬಿದ್ದುಹೋಗಿದೆ ಎಂದು ಹೇಳಬೇಕೆಂದಿದ್ದಳಂತೆ. ಅದಕ್ಕೆ ಮೊದಲೇ ಅವ್ವ, “ನನ್ನ ಕತಿ ಅಂದ್ರ ನಿನಗ ಬ್ಯಾಸರ,” ಅಂದಳು. ಚಿಗವ್ವನಿಗೂ ಸಿಟ್ಟು ಬಂತು. “ಹೌದು, ಬ್ಯಾಸರ,” ಅಂದುಬಿಟ್ಟಳು. ಆ ಒಂದು ಮಾತಿಗೆ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಇಬ್ಬರೂ ಫೋನ್ ಮಾಡುವುದನ್ನೇ ಬಿಟ್ಟರು.

ನಾನು ಯಾರ ಕಡೆ ಎಂದು ಇಬ್ಬರೂ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಮದುಮಗನ ಕಡೆ. ಕಾಲು ಕೆಳಗಿಟ್ಟ ಮೇಲೆ ಅವನ ಗತಿ ಏನಾಯಿತು? ಮುಕ್ಕುಂದದಿಂದ ಕಚೇರಿಗೆ ಬಂದವರನ್ನು ಕೇಳಿದರೆ, “ಕಾರು ಕೆಸರಾಗ ಸಿಕ್ಕಿತ್ರಿ ಮೇಡಂ, ಎತ್ತಿದ್ವಿ,” ಅನ್ನುತ್ತಾರೆ. ಅದು ಸುದ್ದಿ, ಕತೆಯಲ್ಲ. ಅವ್ವನನ್ನು ಕೇಳಿದರೆ, “ಹೂಂ ಅನ್ನಾಕಿ ಇಲ್ಲ, ಕತಿ ಇಲ್ಲ.” ನಾನೇ ಹೂಂ ಅನ್ನುತ್ತೇನೆ ಎಂದು ಒಮ್ಮೆ ಮುಂದೆ ಕೂತೆ. ಎರಡು ಮಾತಿಗೇ ಕೈಯೆತ್ತಿ ನಿಲ್ಲಿಸಿದಳು.

“ನಿಂದು ಹೂಂ ಅಲ್ಲಬೇ, ಅರ್ಜಿ ಮ್ಯಾಲೆ ಠಪ್ಪಂತ ಸಿಕ್ಕಾ ಹೊಡದಂಗೈತಿ. ಎದ್ದು ಹೋಗು.”

ಹೀಗಿರುವಾಗ ರೇಡಿಯೊದವರು ಸಿಂಧನೂರಿಗೆ ಬಂದರು. ಭಾನುವಾರ ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತ ತಪ್ಪದೆ ಕೇಳುವ ಒಂದು ನಗೆ ಕಾರ್ಯಕ್ರಮವಿದೆ. ನಾಲ್ಕು ಜನ ಮಾತುಗಾರರು ಕೂತಿರುತ್ತಾರೆ, ನಡೆಸಿಕೊಡುವವನು ಒಂದೊಂದು ವಿಷಯ ಕೊಡುತ್ತಾನೆ, ಅವರು ಕೂತಲ್ಲೇ ಅದರ ಮೇಲೆ ಕತೆ ಕಟ್ಟಬೇಕು. ಅವನು ಗಂಟೆ ಬಾರಿಸಿದ ಕೂಡಲೇ ಬಾಯಿ ಮುಚ್ಚಬೇಕು. ಈ ಸಲ ಅದನ್ನು ಜನರ ಎದುರಿನಲ್ಲಿ, ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ ರೆಕಾರ್ಡ್ ಮಾಡುತ್ತಾರೆ ಎಂದು ಗೊತ್ತಾಯಿತು. ನನ್ನ ತಲೆಯಲ್ಲಿ ದೀಪ ಹತ್ತಿತು.

ಚಿಗವ್ವನ ನಗು ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಮೊದಲು ಸದ್ದೇ ಇರುವುದಿಲ್ಲ, ಹೆಗಲು ಮಾತ್ರ ಕುಣಿಯುತ್ತದೆ. ಆಮೇಲೆ ಪಂಪಿನ ಪೈಪಿಗೆ ನೀರು ಹತ್ತುವಾಗ ಕೆಮ್ಮುತ್ತದಲ್ಲ, ಹಾಗೆ ಎರಡು ಸಲ ಕೆಮ್ಮುತ್ತಾಳೆ. ಅದಾದ ಮೇಲೆ ನೀವು ಸ್ವಲ್ಪ ದೂರ ನಿಲ್ಲುವುದು ಒಳ್ಳೆಯದು. ಆ ನಗು ರೇಡಿಯೊದಲ್ಲಿ ಬಂದರೆ ಅವ್ವ ಗುರುತು ಹಿಡಿಯದೆ ಇರುವುದಿಲ್ಲ. ಗುರುತು ಹಿಡಿದರೆ ಸಿಟ್ಟು ಇಳಿಯದೆ ಇರುವುದಿಲ್ಲ. ಇಳಿದರೆ ಮದುಮಗ ಇನ್ನೊಂದು ಕಾಲನ್ನೂ ಕೆಳಗಿಡುತ್ತಾನೆ. ಇದು ನನ್ನ ಲೆಕ್ಕಾಚಾರ.

ಚಿಗವ್ವ ಮೊದಲು ಕೊಸರಾಡಿದಳು. “ಆಕಿ ಕೇಳ್ತಾಳಂತ ನಾ ಅಲ್ಲಿಗೆ ಹೋಗಿ ನಗಬೇಕಾ? ನನಗೇನ್ ಬ್ಯಾರೆ ಕೆಲಸ ಇಲ್ಲೇನು?”

“ಬ್ಯಾಡ ಬಿಡು ಚಿಗವ್ವ. ಅವ್ವ ಹೇಳಾಕತ್ತಿದ್ಲು, ನಾ ಮಾತು ಬಿಟ್ಟ ಮ್ಯಾಲೆ ಆಕಿ ನಗೂದ ಮರ್ತಾಳ ಅಂತ.”

ಅವ್ವ ಹಾಗೇನೂ ಹೇಳಿರಲಿಲ್ಲ. ಚಿಗವ್ವನ ಮೂಗಿನ ಹೊಳ್ಳೆ ಅರಳಿದವು.

“ಹಂಗಂದ್ಲಾ? ಎಷ್ಟೊತ್ತಿಗೈತಿ ಅದು?”

ಆ ದಿನ ಚಿಗವ್ವ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ಮಂಟಪದ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದಳು. ಮೈಕಿಗೆ ಹತ್ತಿರವಿದ್ದರೆ ಒಳ್ಳೆಯದೆಂದು ನಾನು ಮೊದಲನೆಯ ಸಾಲಿಗೇ ಎಳೆದುಕೊಂಡು ಹೋದೆ. ರೇಡಿಯೊದ ಮೇಡಂ ಒಬ್ಬರು ವೇದಿಕೆಗೆ ಬಂದು ಬೆಂಗಳೂರು ಕಡೆಯ ಕನ್ನಡದಲ್ಲಿ ನಿಯಮ ಹೇಳಿದರು. ಫೋನು ಬಂದ್ ಮಾಡಬೇಕು, ಸಿಳ್ಳೆ ಹೊಡೆಯಬಾರದು, ಮೈಕಿನಲ್ಲಿ ಗಾಳಿಯ ಸದ್ದು ಬರುತ್ತದಾದ್ದರಿಂದ ಫ್ಯಾನು ಹಾಕುವುದಿಲ್ಲ. ಸಿಂಧನೂರಿನ ಬಿಸಿಲಿನಲ್ಲಿ ಫ್ಯಾನು ಬಂದ್ ಮಾಡಿ ಜನರನ್ನು ನಗಿಸುತ್ತೇವೆ ಎಂಬ ಅವರ ಧೈರ್ಯ ನನಗೆ ಬಹಳ ಮೆಚ್ಚಿಗೆಯಾಯಿತು.

“ಮೊದಲು ನಿಮ್ಮ ನಗುವನ್ನಷ್ಟೇ ರೆಕಾರ್ಡ್ ಮಾಡ್ಕೊಳ್ತೀವಿ. ಎಲ್ಲರೂ ಜೋರಾಗಿ ನಗಿ,” ಎಂದರು ಮೇಡಂ.

ಮಂಟಪವೆಲ್ಲ ಹೋ ಎಂದಿತು. ಚಿಗವ್ವ ಮಾತ್ರ ಕೈಕಟ್ಟಿ ಕೂತಿದ್ದಳು. ನಾನು ಮೊಣಕೈಯಿಂದ ತಿವಿದೆ.

“ನಗು ಚಿಗವ್ವ! ರೆಕಾರ್ಡ್ ಆಗಾಕತ್ತೈತಿ!”

“ಯಾತಕ್ಕ ನಗ್ಲಿ? ಇನ್ನಾ ಏನೂ ಹೇಳೇ ಇಲ್ಲಲ್ಲ.”

ನನ್ನ ಸಿಟ್ಟು ನೆತ್ತಿಗೇರಿತು. ನಗುವುದಕ್ಕೂ ಕಾರಣ ಬೇಕೆನ್ನುವ ಹೆಂಗಸನ್ನು ಕಟ್ಟಿಕೊಂಡು ಬಂದಿದ್ದೇನಲ್ಲ ಎಂದು ಹಲ್ಲು ಕಡಿದೆ.

ಕಾರ್ಯಕ್ರಮ ಶುರುವಾಯಿತು. ನಾಲ್ವರಲ್ಲಿ ಒಬ್ಬರು ನಮ್ಮ ಸೀಮೆಯವರೇ, ಹೊಟ್ಟೆ ದೊಡ್ಡದು, ಮುಖದ ತುಂಬ ಬೆವರು. ಅವರಿಗೆ ಕೊಟ್ಟ ವಿಷಯ, ಮದುವೆ ಊಟಕ್ಕೆ ಹೋಗಿ ಉಪವಾಸ ಬಂದದ್ದು ಯಾಕೆ. ಅವರು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು ಶುರು ಮಾಡಿದರು.

“ಎಲಿ ಮುಂದ ಕುಂತೆ.”

“ಹೂಂ,” ಅಂದಳು ಚಿಗವ್ವ.

“ಹುಗ್ಗಿ ಬಕೀಟ ಬಂತು.”

“ಹೂಂ.”

ಮೇಡಂ ಕೈಯೆತ್ತಿದರು. ಎಲ್ಲ ನಿಂತಿತು. ಅವರು ವೇದಿಕೆಯ ಅಂಚಿಗೆ ಬಂದು ಬಗ್ಗಿ, “ಅಮ್ಮಾ, ಮಧ್ಯದಲ್ಲಿ ಹೂಂ ಅನ್ನಬಾರದು. ನಗು ಬಂದ್ರೆ ಮಾತ್ರ ನಗಿ,” ಎಂದರು.

ಚಿಗವ್ವನಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಅಲ್ರೀ ಯವ್ವಾ, ಅವ್ರು ಕತಿ ಹೇಳಾಕತ್ಯಾರ. ಯಾರರ ಹೂಂ ಅನಬೇಕಲ್ಲ? ಇಷ್ಟು ಮಂದಿ ಕುಂತಾರ, ಒಬ್ರೂ ಅನವಲ್ರು. ಪಾಪ, ಅವ್ರು ಯಾರಿಗಂತ ಹೇಳ್ಬೇಕು?”

ಹಿಂದಿನ ಸಾಲುಗಳಿಂದ, “ಖರೇ ಐತ್ರಿ,” ಎಂಬ ದನಿಗಳು ಬಂದವು. ಆದರೂ ಮೇಡಂ ಒಪ್ಪಲಿಲ್ಲ. ಚಿಗವ್ವ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಕೂತಳು. ಮತ್ತೆ ಮೊದಲಿನಿಂದ.

“ಎಲಿ ಮುಂದ ಕುಂತೆ,” ಎಂದರು ದೊಡ್ಡ ಹೊಟ್ಟೆಯವರು. ಒಂದು ಗಳಿಗೆ ಕಾದು ಚಿಗವ್ವನ ಕಡೆ ನೋಡಿದರು. ಅವಳ ಕಣ್ಣು ಹೂಂ ಅನ್ನುತ್ತಿತ್ತು, ಬಾಯಿ ಸೆರಗಿನೊಳಗಿತ್ತು. “ಹುಗ್ಗಿ ಬಕೀಟ ಬಂತು. ಬಂತು… ಬಂದು…” ಎಂದು ತಡವರಿಸಿ ನಿಂತೇಬಿಟ್ಟರು.

“ಮೇಡಂ, ಆ ಅವ್ವನ್ನ ಸುಮ್ನ ಕೂಡ್ರಸಬ್ಯಾಡ್ರಿ. ಆಕಿ ಹೂಂ ಅನ್ನಲಿಲ್ಲಂದ್ರ ನನ್ನ ನಾಲಗಿ ಹೊಳ್ಳವಲ್ದು. ಸಣ್ಣಾಂವ ಇದ್ದಾಗಿನಿಂದ ರೂಢಿ ನೋಡ್ರಿ.”

ಮೇಡಂ ಹಣೆಗೆ ಕೈ ಹಚ್ಚಿಕೊಂಡರು. “ಆಯ್ತು, ಅನ್ನಲಿ. ಆಮೇಲೆ ಅದನ್ನೆಲ್ಲ ಕತ್ತರಿಸಿ ತೆಗೀತೀವಿ.”

ಕತ್ತರಿಸುತ್ತೇವೆ ಎಂಬ ಮಾತು ನನ್ನ ಲೆಕ್ಕವನ್ನೇ ಕೆಡಿಸಿತು, ನಗು ಬಾರದಿದ್ದರೆ ಹೂಂ ಕೇಳಿಯಾದರೂ ಅವ್ವ ಗುರುತು ಹಿಡಿಯುತ್ತಿದ್ದಳು. ಚಿಗವ್ವ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅನುಮತಿ ಸಿಕ್ಕಿತಲ್ಲ, ಸೆರಗು ಬಿಟ್ಟು ನೆಟ್ಟಗೆ ಕೂತಳು. ಆಮೇಲೆ ನಡೆದದ್ದು ಜುಗಲಬಂದಿ. ಹುಗ್ಗಿಯ ಬಕೀಟು ಅವರ ಎಲೆಯ ಹತ್ತಿರ ಬಂದಾಗ ಸರಿಯಾಗಿ ಖಾಲಿ. ಮರುಕದ ಹೂಂ. ಎದ್ದು ಇನ್ನೊಂದು ಸಾಲಿಗೆ ಹೋಗಿ ಕೂತರೆ ಹೊಸ ಬಕೀಟು ಆಚೆ ತುದಿಯಿಂದ ಶುರುವಾಗಿ ಇವರ ಹತ್ತಿರ ಬಂದು ಮತ್ತೆ ಖಾಲಿ. ಕುತೂಹಲದ ಹೂಂ. ಆಗ ತಾವು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ ಎಂದರು. ಅದಕ್ಕೆ ಚಿಗವ್ವ ಎಳೆದ ಉದ್ದನೆಯ ‘ಹೂಂ’ ಒಂದಿತ್ತಲ್ಲ, ‘ಸುಳ್ಳು ಹೇಳಬ್ಯಾಡಪ್ಪ’ ಎಂಬುದರ ಹೂಂ, ಅದಕ್ಕೆ ಇಡೀ ಮಂಟಪ ಬಿದ್ದು ಬಿದ್ದು ನಕ್ಕಿತು. ಅವಳು ಮಾತ್ರ ನಗಲಿಲ್ಲ.

“ಕಡೀಕ ಜಾಣತನ ಮಾಡಿದೆ. ಅಡಗಿ ಮನಿ ಬಾಗ್ಲಾಗ ಹೋಗಿ ನಿಂತೆ,” ಎಂದರು.

“ಹೂಂ!”

ನಡೆಸಿಕೊಡುವವನು ಗಂಟೆ ಬಾರಿಸಿದ. ಅವರು ಬಾಯಿ ಮುಚ್ಚಿಕೊಂಡು ನೀರು ಕುಡಿದರು. ಚಿಗವ್ವ ಎದ್ದು ನಿಂತಳು.

“ಏ, ನಿಂದ್ರಿ ನಿಂದ್ರಿ! ಕತಿ ಮುಗೀಲಿಲ್ಲಲ್ರೀ!”

ಕಾರ್ಯಕ್ರಮದ ನಿಯಮವೇ ಹಾಗೆ ಎಂದು ನಾನು ಎಳೆದು ಕೂಡಿಸಿದೆ. ಅವಳಿಗೆ ಅದು ನಿಯಮವೆಂದು ಅನ್ನಿಸಲೇ ಇಲ್ಲ. ಉಣ್ಣುವವರ ಮುಂದಿನ ಎಲೆ ಎತ್ತಿದಂತೆ ಆಯಿತು ಎಂದು ಗೊಣಗಿದಳು. ಮುಂದಿನವರದೂ ಹಾಗೆ, ಅದರ ಮುಂದಿನವರದೂ ಹಾಗೆ, ಎಲ್ಲರ ಕತೆಯೂ ಗಂಟೆಗೆ ಬಲಿ. ಒಬ್ಬ ಚುರುಕು ಹುಡುಗ ಉಸಿರೂ ಬಿಡದೆ ಮಾತಾಡಿದ, ಅವನ ಮಾತಿನ ನಡುವೆ ಹೂಂ ಇಡಲು ಜಾಗವೇ ಇರಲಿಲ್ಲ. ಒಂದು ಕತೆಯೂ ಮುಗಿಯಲಿಲ್ಲವಾದ್ದರಿಂದ ಚಿಗವ್ವ ಒಮ್ಮೆಯೂ ನಗಲಿಲ್ಲ. ನಗಿಸುವ ಕಾರ್ಯಕ್ರಮಕ್ಕೆ ಬಂದು ಅಷ್ಟು ಗಂಭೀರವಾಗಿ ಕೂತ ಇನ್ನೊಬ್ಬರನ್ನು ನಾನು ಕಂಡಿಲ್ಲ. ನನಗೆ ಅಳುವುದೊಂದು ಬಾಕಿ.

ಮುಗಿದು ಹೊರಗೆ ಬಂದರೆ ದೊಡ್ಡ ಹೊಟ್ಟೆಯವರು ಎದುರಿನ ಚಹಾದಂಗಡಿಯ ಮುಂದೆ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಚಿಗವ್ವ ನೇರವಾಗಿ ಹೋಗಿ ಎದುರಿಗೆ ನಿಂತಳು.

“ಅಡಗಿ ಮನಿ ಬಾಗ್ಲಾಗ ನಿಂತ್ರಿ. ಆಮ್ಯಾಲೆ?”

ಅವರ ಮುಖ ಅರಳಿತು. ಚಹಾದ ಕಪ್ಪು ಕೆಳಗಿಟ್ಟರು. “ಬಾಗ್ಲಾಗ ನಿಂತಾಂವ ಬಡಸಾಂವ ಅಂತ ತಿಳದು ಹುಗ್ಗಿ ಬಕೀಟ ನನ್ನ ಕೈಯಾಗ ಕೊಟ್ರು.”

“ಹೂಂ.”

“ನಾನೂ ಇರ್ಲಿ ಅಂತ ಬಡಸ್ಕೋತ ಹೊಂಟೆ. ಈ ಸಲ ಬಕೀಟ ನನ್ನ ಕೈಯಾಗೇ ಐತಿ, ನನ್ನ ಯಾರ್ ತಡೀತಾರ?”

“ಹೂಂ.”

“ನನ್ನ ಎಲಿ ಮುಂದ ಬಂದೆ.”

“ಹೂಂ!”

“ಬಕೀಟ ಖಾಲಿ.”

ಚಿಗವ್ವನ ಹೆಗಲು ಕುಣಿಯತೊಡಗಿತು. ಎರಡು ಸಲ ಕೆಮ್ಮಿದಳು. ಆಮೇಲೆ ನೀರು ಹತ್ತಿತು. ಚಹಾದಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದ, ರಸ್ತೆಯ ಆಚೆ ಆಟೋದವರು ತಿರುಗಿ ನೋಡಿದರು. ನಾನು ಎದ್ದೆನೋ ಬಿದ್ದೆನೋ ಎಂದು ಮಂಟಪದೊಳಗೆ ಓಡಿದೆ. ಒಳಗೆ ರೇಡಿಯೊದವರು ವೈರು ಸುತ್ತುತ್ತಿದ್ದರು.

“ಮೇಡಂ, ಜಲ್ದಿ ಬರ್ರಿ, ಚಿಗವ್ವ ನಗಾಕತ್ಯಾಳ್ರಿ! ರೆಕಾರ್ಡ್ ಮಾಡ್ಕೋರಿ!”

“ಎಲ್ಲಾ ಪ್ಯಾಕ್ ಆಗಿದೆ. ನಗು ಆಗಲೇ ಬೇಕಾದಷ್ಟು ತಗೊಂಡಿದ್ದೀವಲ್ಲ,” ಎಂದರು ಮೇಡಂ.

ನಾನು ಅಲ್ಲೇ ಒಂದು ಕುರ್ಚಿಯಲ್ಲಿ ಕುಸಿದೆ. ಹಾಗಾದರೆ ಹೂಂ ಆದರೂ ಇರಲಿ, ದಯವಿಟ್ಟು ಕತ್ತರಿಸಬೇಡಿ ಎಂದು ಬೇಡಿಕೊಂಡೆ. ಯಾಕೆ ಎಂದರು. ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಅವ್ವ, ಚಿಗವ್ವ, ಕೌದಿ, ಕೆಸರು, ಬಿಳಿ ಬೂಟು, ಗೊರಕೆ. ಮೇಡಂ ವೈರು ಸುತ್ತುವುದನ್ನು ಬಿಟ್ಟು ಕೇಳಿದರು.

“ಆಮೇಲೆ ಆ ಮದುಮಗನಿಗೆ ಏನಾಯ್ತು?”

“ಅದ ಅಲ್ರೀ ಮೇಡಂ ನನ್ನ ಗೋಳು!”

ಅವರು ನಕ್ಕು, “ನೋಡೋಣ,” ಎಂದರು. ಕಚೇರಿಯಲ್ಲಿ ದಿನಾ ನಾನೇ ಜನರಿಗೆ ಹೇಳುವ ಮಾತು ಅದು. ಅದರ ಬೆಲೆ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತು.

ಬಸ್ ಸ್ಟ್ಯಾಂಡಿನಲ್ಲಿ ಚಿಗವ್ವ ಕಲ್ಲುಬೆಂಚಿನ ಮೇಲೆ ಕೂತು ಸೀರೆಯ ನಿರಿಗೆ ಸರಿಮಾಡಿಕೊಂಡಳು. ಆಮೇಲೆ ತಾನಾಗಿ ಅಂದಳು, “ಅವರ ಕತಿ ನಡುವ ನಿಂತಾಗ ನನ್ನ ಹೊಟ್ಟ್ಯಾಗ ಹೆಂಗೋ ಆತು ನೋಡು. ನಿಮ್ಮವ್ವನ ಕತಿ ಎರಡು ವರ್ಷ ಆತು, ಹಂಗ ನಿಂತೈತಿ. ಆಕೀಗೆ ಹೊಟ್ಟ್ಯಾಗ ಹೆಂಗಾಗಿರಬೇಕು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಬ್ಯಾಸರ ಅಂತ ಅಂದೆ. ಆಕಿ ಕತಿ ನನಗೆಂದೂ ಬ್ಯಾಸರ ಆಗಿಲ್ಲ.”

“ಮತ್ತ ಫೋನ್ ಮಾಡಿ ಹೇಳು.”

“ನಾ ಯಾಕ ಮಾಡ್ಲಿ? ಆಕಿ ಮಾಡ್ಲಿ.”

ನನಗೆ ಆ ಬಸ್ ಸ್ಟ್ಯಾಂಡಿನಲ್ಲೇ ಹಣೆ ಚಚ್ಚಿಕೊಳ್ಳುವಂತಾಯಿತು.

ಕಾರ್ಯಕ್ರಮ ಪ್ರಸಾರವಾಗುವ ಭಾನುವಾರ ನಾನು ಹೇಳದೆ ಕೇಳದೆ ಲಿಂಗಸುಗೂರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ರೇಡಿಯೊ ಅಡುಗೆಮನೆಯ ಕಟ್ಟೆಯ ಮೇಲಿತ್ತು. ರೇಡಿಯೊದವರು ಸರದಿ ಹಿಂದೆ ಮುಂದೆ ಮಾಡಿದ್ದರು, ಮೊದಲು ಆ ಚುರುಕು ಹುಡುಗನದು. ಮಂಟಪ ನಕ್ಕಿತು.

“ಸಿಂಧನೂರಾಗ ಮಾಡ್ಯಾರಂತ,” ಅಂದಳು ಅವ್ವ, ಕೈ ನಿಲ್ಲಿಸದೆ. “ಆ ಕಡೆ ಮಂದಿಗೆ ಕತಿ ಕೇಳಾಕ ಬರಂಗಿಲ್ಲ. ನಿದ್ದಿ ಮಾಡ್ತಾರ.”

ನಾನು ತುಟಿ ಕಚ್ಚಿಕೊಂಡು ಕೂತೆ. ದೊಡ್ಡ ಹೊಟ್ಟೆಯವರ ಸರದಿ ಬಂತು. ಎಲಿ ಮುಂದ ಕುಂತೆ. ಸದ್ದಿಲ್ಲ. ಹುಗ್ಗಿ ಬಕೀಟ ಬಂತು. ಸದ್ದಿಲ್ಲ. ಕತ್ತರಿಸಿಬಿಟ್ಟಿದ್ದಾರೆ! ಆ ಮೇಡಂ ಎದುರಿಗಿದ್ದರೆ ನಾನು ಏನನ್ನುತ್ತಿದ್ದೆನೋ, ಪುಣ್ಯಕ್ಕೆ ಇರಲಿಲ್ಲ. ರೊಟ್ಟಿಯ ಸದ್ದು ಮಾತ್ರ ಪಟಪಟ ನಡೆದಿತ್ತು.

“ನನ್ನ ಎಲಿ ಮುಂದ ಬಂದಾಗ ಬಕೀಟ ಖಾಲಿ,” ಎಂದಿತು ರೇಡಿಯೊ.

“ಹೂಂ.”

ಅವ್ವನ ಕೈ ನಿಂತಿತು. ಅಂಗೈ ಹಿಟ್ಟಿನ ಮೇಲೆಯೇ ಇತ್ತು. ಆ ಮೊದಲೆರಡು ಮಾತು ಚಿಗವ್ವ ಬಾಯಿಗೆ ಸೆರಗು ಹಿಡಿದು ಕೂತಾಗಿನವು, ಆಮೇಲಿನ ಒಂದು ಹೂಂ ಕೂಡ ಮೇಡಂ ಕತ್ತರಿಸಿರಲಿಲ್ಲ. ಮರುಕದ್ದು, ಕುತೂಹಲದ್ದು, ಸುಳ್ಳು ಹೇಳಬ್ಯಾಡಪ್ಪ ಎಂಬುದರದ್ದು, ಒಂದಾದ ಮೇಲೊಂದು ಕಟ್ಟೆಯ ಮೇಲಿನಿಂದ ಬರುತ್ತಲೇ ಇದ್ದವು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಕೊನೆಗೆ ಗಂಟೆಯ ಸದ್ದಾಗಿ, “ಕತಿ ಮುಗೀಲಿಲ್ಲಲ್ರೀ!” ಎಂಬ ಕೂಗು ಅಡುಗೆಮನೆಯ ತುಂಬ ಕೇಳಿತು. ಅವ್ವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವಳು ಹೋಗಲಿಲ್ಲ.

“ದನಿ ಮುದುಕಿ ಆಗೈತಿ ಆಕೀದು,” ಅಂದಳು. ಹಂಚನ್ನು ಕೆಳಗಿಳಿಸಿ, “ಫೋನ್ ಹಚ್ಚು.”

ನನ್ನ ಫೋನಿನಿಂದಲೇ ಹಚ್ಚಿ, ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟೆ. ಆಚೆಯಿಂದ ಚಿಗವ್ವ, “ಬಂತೇನಬೇ ರೇಡಿಯೊದಾಗ? ಕೇಳಿದ್ಲಾ?” ಎಂದು ಅವಸರ ಮಾಡುತ್ತಿದ್ದಳು. ಅವ್ವ ಆರಾಮಿದ್ದೀಯಾ ಎನ್ನಲಿಲ್ಲ, ಊಟವಾಯಿತಾ ಎನ್ನಲಿಲ್ಲ.

“ಒಂದ್ ಕಾಲು ಕೆಳಗಿಟ್ಟ,” ಅಂದಳು.

ಫೋನು ಸುಮ್ಮನಾಯಿತು. ಮಧ್ಯಾಹ್ನದ ಹೊತ್ತು, ಈ ಹೆಂಗಸು ಈಗಲೂ ಮಲಗಿಬಿಟ್ಟರೆ ಏನು ಗತಿ ಎಂದು ನಾನು ಮನೆದೇವರನ್ನು ನೆನೆದೆ.

“ಹೂಂ,” ಎಂದಿತು ಫೋನು. ದನಿ ಒದ್ದೆಯಾಗಿತ್ತು.

ನಾನು ಕುರ್ಚಿ ಎಳೆದುಕೊಂಡು ಕಿವಿ ನೆಟ್ಟಗೆ ಮಾಡಿ ಕೂತೆ. ಅವ್ವ ನನ್ನನ್ನೊಮ್ಮೆ ನೋಡಿದಳು, ಹಿಟ್ಟಿನ ಕೈಯಲ್ಲೇ ನನ್ನ ಫೋನನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಳು. ಬಾಗಿಲಿಗೆ ಕಿವಿ ಹಚ್ಚಿದರೆ ಅವ್ವನ ಗುಣುಗುಣು, ನಡುನಡುವೆ ಸಣ್ಣಗೆ ಹೂಂ, ಹೂಂ. ಒಂದು ಮಾತೂ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಹೂಂ ನಿಂತಿತು. ಫೋನಿನೊಳಗಿನಿಂದ ಕೆಮ್ಮು ಕೇಳಿತು, ಒಂದು ಸಲ, ಎರಡು ಸಲ. ಆ ನಂತರ ಬಂದ ನಗು ಕೇಳಲು ಬಾಗಿಲಿಗೆ ಕಿವಿ ಹಚ್ಚುವ ಅಗತ್ಯವಿರಲಿಲ್ಲ.

ಮದುಮಗನ ಗತಿ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಲಿಂಗಸುಗೂರಿನಲ್ಲಿ ಕೇಳಿದೆ, ವಳಕಮದಿನ್ನಿಯಲ್ಲಿ ಕೇಳಿದೆ. ಈಗ ಇಬ್ಬರೂ ಒಂದಾಗಿದ್ದಾರಲ್ಲ, ಉತ್ತರವೂ ಒಂದೇ.

“ಎರಡು ವರ್ಷ ತಡದೀವಿ ನಾವು. ನೀನೂ ತಡಿ.”